23 ವರ್ಷ ತಡವಾಗಿ ಬಂದ ಪದಕ

ಜನವರಿ 26 ಮತ್ತು ಆಗಸ್ಟ್ 15 ಬಂತೆಂದರೆ ನನಗೊಂದು ಕೆಲಸ ತಪ್ಪಿದ್ದಲ್ಲ. ನಮ್ಮ ಮೆಹಕರದ ಶಾಲೆಯಲ್ಲಿ ಝೆಂಡಾ ವಂದನೆ ಮುಗಿದು ಮಕ್ಕಳು ಚಾಕಲೇಟು ಚೀಪುತ್ತ ಮನೆಗೆ ಬರುವ ಹೊತ್ತಿಗೆ, ನಮ್ಮ ಓಣಿಯ ಕಾಕಿ ತಲೆ ಮೇಲೆ ಸೆರಗು ಹೊದ್ದುಕೊಂಡು ಬಂದು ಪಡಸಾಲೆಯಲ್ಲಿ ಕೂತಿರುತ್ತಾರೆ.

"ಪೇಪರ್ ಬಂತೇನ್ ಬಾಯಿ? ಹೆಸರು ಓದು" ಅನ್ನುತ್ತಾರೆ.

ಆ ದಿನದ ಪತ್ರಿಕೆಯಲ್ಲಿ ಶೌರ್ಯ ಪದಕ ಬಂದವರ ಹೆಸರುಗಳಿರುತ್ತವೆ. ನಾನು ಒಂದೊಂದೇ ಓದುತ್ತೇನೆ. ಕಾಕಿಗೆ ಅಕ್ಷರ ಬರುವುದಿಲ್ಲ, ಆದರೆ ಕಿವಿ ಚುರುಕು. ಕೊನೆಯ ಹೆಸರು ಮುಗಿದ ಮೇಲೆ "ಈ ಸಲಾನೂ ಇಲ್ಲ" ಎಂದು ಏಳುತ್ತಾರೆ. ಚಹಾ ಕುಡಿದು ಹೋಗಿರಿ ಅಂದರೂ ನಿಲ್ಲುವುದಿಲ್ಲ.

ಕಾಕಿಯವರ ಹಿರಿಯ ಮಗ ಸೈನ್ಯದಲ್ಲಿದ್ದ. ಹಲವು ವರ್ಷಗಳ ಹಿಂದೆ ಉತ್ತರದ ಗಡಿಯಲ್ಲಿ ಹಿಮ ಬಿದ್ದ ದಾರಿಯಲ್ಲಿ ಅವರ ಗಾಡಿ ಕಣಿವೆಗೆ ಉರುಳಿ ತೀರಿಕೊಂಡ. ಧ್ವಜ ಹೊದಿಸಿದ ಪೆಟ್ಟಿಗೆ ಊರಿಗೆ ಬಂದಾಗ ಸುತ್ತಮುತ್ತಲ ಹಳ್ಳಿಯ ಜನವೆಲ್ಲ ಕೂಡಿತ್ತು. ಗಣ್ಯರು ಬಂದರು, ಭಾಷಣಗಳಾದವು. ಅವರಲ್ಲೊಬ್ಬರು ಮೈಕು ಹಿಡಿದು "ಈ ವೀರಪುತ್ರನಿಗೆ ಶೌರ್ಯ ಪದಕ ಕೊಡಿಸದೆ ಬಿಡುವುದಿಲ್ಲ" ಅಂದರು. ಜನ ಚಪ್ಪಾಳೆ ತಟ್ಟಿದರು. ಹೇಳಿದವರು ಮರೆತರು, ಚಪ್ಪಾಳೆ ತಟ್ಟಿದವರೂ ಮರೆತರು. ಆದರೆ ಹೆತ್ತ ತಾಯಿ ಆ ಮಾತನ್ನು ಸೆರಗಿನ ತುದಿಗೆ ಗಂಟು ಕಟ್ಟಿಕೊಂಡು ಕೂತಿದ್ದಾರೆ.

ಸತ್ತ ಮೇಲೆ ಕೊಡುವ ಪದಕದ ವಿಷಯದಲ್ಲಿ ನನಗೆ ಆಸಕ್ತಿ ಹುಟ್ಟಿದ್ದು ಹೀಗೆ. ಇದರ ಸುತ್ತ ಎಷ್ಟು ವಾದ, ಎಷ್ಟು ರಾಜಕೀಯ ಇದೆ ಎಂಬುದು ಆಮೇಲೆ ಓದುತ್ತ ಓದುತ್ತ ತಿಳಿಯಿತು. ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ ಸೋದರಿಯರೇ.

ಕೊಡಗಿನ ದೇವಯ್ಯನವರ ಕಥೆ

ನಾವು ಬೀದರ ಜಿಲ್ಲೆಯವರು. ವಿಮಾನದ ಸದ್ದು ನಮಗೆ ಹೊಸದಲ್ಲ. ಬೀದರದ ವಾಯುನೆಲೆಯಲ್ಲಿ ಹುಡುಗರಿಗೆ ಯುದ್ಧವಿಮಾನ ಹಾರಿಸುವ ತರಬೇತಿ ಕೊಡುತ್ತಾರೆ. ಆಕಾಶದಲ್ಲಿ ಬಣ್ಣದ ಹೊಗೆ ಬಿಟ್ಟು ಕಸರತ್ತು ಮಾಡುವ ಸೂರ್ಯಕಿರಣ ತಂಡ 1996ರಲ್ಲಿ ಶುರುವಾದದ್ದೂ ಇಲ್ಲೇ. ದೇಶದ ಮೊದಲ ಮೂವರು ಮಹಿಳಾ ಯುದ್ಧವಿಮಾನ ಚಾಲಕಿಯರು 2016ರಲ್ಲಿ ಅಧಿಕಾರಿಗಳಾದ ಮೇಲೆ ಮುಂದಿನ ತರಬೇತಿಗೆ ಬಂದದ್ದೂ ಬೀದರಕ್ಕೇ. ಮಾಳಿಗೆ ಮೇಲೆ ಹಪ್ಪಳ ಒಣಹಾಕಿ ಕಾಗೆ ಕಾಯುತ್ತ ಕೂತಾಗ ತಲೆ ಮೇಲೆ ವಿಮಾನ ಹೋದರೆ, ಒಳಗೆ ಯಾವ ತಾಯಿಯ ಮಗನೋ ಮಗಳೋ ಎಂದು ಒಂದು ಗಳಿಗೆ ನೋಡುತ್ತೇವೆ, ಮತ್ತೆ ಹಪ್ಪಳ ತಿರುವಿ ಹಾಕುತ್ತೇವೆ.

2025ರ ಜನವರಿಯಲ್ಲಿ 'ಸ್ಕೈ ಫೋರ್ಸ್' ಎಂಬ ಹಿಂದಿ ಸಿನಿಮಾ ಬಂತು. ಮಗ ಮೊಬೈಲಿನಲ್ಲಿ ತೋರಿಸಿ, "ಅವ್ವಾ, ಇದು ನಮ್ಮ ಕೊಡಗಿನ ಅಧಿಕಾರಿಯ ಕಥಿ" ಅಂದ. ಸಿನಿಮಾದಲ್ಲಿ ಹೆಸರು ಬದಲಾಯಿಸಿದ್ದಾರೆ. ಆ ಅಧಿಕಾರಿಯ ನಿಜವಾದ ಹೆಸರು ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. ಕಾರ್ಯಪ್ಪ, ತಿಮ್ಮಯ್ಯ ಅವರಂಥ ಸೇನಾನಿಗಳನ್ನು ಕೊಟ್ಟ ಕೊಡಗಿನವರು.

ಅದು 1965ರ ಯುದ್ಧ. ಸೆಪ್ಟೆಂಬರ್ 7ರ ನಸುಕಿನಲ್ಲಿ ಪಂಜಾಬದ ಆದಂಪುರದಿಂದ ನಮ್ಮ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟವು. ದೇವಯ್ಯನವರು ಆ ಮುಖ್ಯ ಪಟ್ಟಿಯಲ್ಲಿ ಇರಲಿಲ್ಲ. ಯಾವುದಾದರೂ ವಿಮಾನ ಕೈಕೊಟ್ಟರೆ ಇರಲಿ ಎಂದು ಕಾಯ್ದಿಟ್ಟ ಜಾಗದಲ್ಲಿದ್ದರು. ಒಂದು ಸ್ಥಾನ ತೆರವಾಯಿತು, ಇವರು ಹೋದರು.

ಮರಳಿ ಬರುವಾಗ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನವೊಂದು ಇವರ ಬೆನ್ನು ಹತ್ತಿತು. ಸ್ಟಾರ್‌ಫೈಟರ್ ಅಂದರೆ ಶಬ್ದದ ವೇಗದ ಎರಡರಷ್ಟು ವೇಗದಲ್ಲಿ ಹಾರಬಲ್ಲದ್ದು. ಮಿಸ್ಟೇರ್ ಅದರ ಮುಂದೆ ನಿಧಾನದ ವಿಮಾನ. ಓಡಿ ತಪ್ಪಿಸಿಕೊಳ್ಳುವ ಮಾತೇ ಇರಲಿಲ್ಲ. ಗುಂಡು ತಗಲಿದ ವಿಮಾನದಲ್ಲೇ ದೇವಯ್ಯನವರು ತಿರುಗಿ ನಿಂತು ಹೋರಾಡಿ, ಆ ಸ್ಟಾರ್‌ಫೈಟರನ್ನು ಹೊಡೆದು ಕೆಡವಿದರು. ಅದರ ಚಾಲಕ ಅಮ್ಜದ್ ಹುಸೇನ್ ಪ್ಯಾರಾಚೂಟಿನಿಂದ ಇಳಿದು ಬದುಕಿಕೊಂಡ. ದೇವಯ್ಯನವರು ಬದುಕಲಿಲ್ಲ. ಅವರ ದೇಹವನ್ನು ಅಲ್ಲಿನ ಹಳ್ಳಿಯ ಜನ ಹೊಲದಲ್ಲಿ ಮಣ್ಣು ಮಾಡಿದರೆಂದು ಆಮೇಲಿನ ಬರಹಗಳು ಹೇಳುತ್ತವೆ.

ಆದರೆ ಈ ಕಡೆ ಯಾರಿಗೂ ಇದು ಗೊತ್ತಿಲ್ಲ! ಜೊತೆಗೆ ಹೋದವರು ಆ ಕಾಳಗವನ್ನು ಕಣ್ಣಾರೆ ಕಂಡಿರಲಿಲ್ಲ. ದೇವಯ್ಯನವರ ವಿಮಾನ ಮರಳಿ ಬರಲಿಲ್ಲ, ಅಷ್ಟೇ. ಮೊದಲು 'ಕಾಣೆಯಾದವರು' ಎಂದು ಬರೆದರು, ಆಮೇಲೆ 'ಮೃತರು' ಎಂದು ಬರೆದರು. ಆ ಎರಡು ಶಬ್ದಗಳ ನಡುವಿನ ದಿನಗಳನ್ನು ಮನೆಯವರು ಹೇಗೆ ಕಳೆದಿರಬೇಕು? ಗಂಡ ಸಂತೆಯಿಂದ ಬರುವುದು ಒಂದು ತಾಸು ತಡವಾದರೆ ಹತ್ತು ಸಲ ಬಾಗಿಲಿಗೆ ಬಂದು ನಿಲ್ಲುವವರು ನಾವು. ಊಹಿಸಿಕೊಂಡರೆ ಸಾಕು.

1979ರಲ್ಲಿ ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಬರಹಗಾರರು ಆ ಯುದ್ಧದ ವಿಮಾನ ಕಾಳಗಗಳ ಬಗ್ಗೆ, ಪಾಕಿಸ್ತಾನದ ಕಡೆಯ ದಾಖಲೆ ನೋಡಿ, ಒಂದು ಪುಸ್ತಕ ಬರೆದರು. ಒಂದು ಮಿಸ್ಟೇರ್ ವಿಮಾನ ಸ್ಟಾರ್‌ಫೈಟರನ್ನು ಕೆಡವಿದ ಸಂಗತಿ ಅದರಲ್ಲಿತ್ತು. ಲೆಕ್ಕ ಹಾಕಿ ನೋಡಿದರೆ, ಆ ಹೊತ್ತಿಗೆ ಆ ಜಾಗದಲ್ಲಿ ಇದ್ದಿರಬಹುದಾದವರು ದೇವಯ್ಯನವರೊಬ್ಬರೇ. ಆ ದಾಳಿಯ ಮುಂದಾಳಾಗಿದ್ದ ಓ.ಪಿ. ತನೇಜಾ ಅವರು ಸುಮ್ಮನೆ ಕೂಡಲಿಲ್ಲ. ತಮ್ಮ ಕೈಕೆಳಗೆ ಹೋದವನಿಗೆ ಸಲ್ಲಬೇಕಾದದ್ದು ಸಲ್ಲಲಿ ಎಂದು ವಾಯುಪಡೆಗೆ ಬರೆದರು. ಕೊನೆಗೆ 1988ರಲ್ಲಿ ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ಪತ್ನಿ ಸುಂದರಿ ದೇವಯ್ಯನವರು ಅದನ್ನು ಸ್ವೀಕರಿಸಿದರು. ಸತ್ತು 23 ವರ್ಷದ ಮೇಲೆ! ಈಗ ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತವೇ ಇದೆ.

ಒಬ್ಬರಿಗೆ ವಾರ, ಒಬ್ಬರಿಗೆ 23 ವರ್ಷ

ಅದೇ ಯುದ್ಧ, ಅದೇ ತಿಂಗಳು. ಖೇಮ್‌ಕರಣದ ಹೊಲಗಳಲ್ಲಿ ಪಾಕಿಸ್ತಾನದ ಟ್ಯಾಂಕುಗಳನ್ನು ಜೀಪಿನ ಮೇಲಿನ ತೋಪಿನಿಂದ ಹೊಡೆದುರುಳಿಸಿದ ಹವಾಲ್ದಾರ್ ಅಬ್ದುಲ್ ಹಮೀದ್ ಸೆಪ್ಟೆಂಬರ್ 10ರಂದು ಮಡಿದರು. ವಾರ ಕಳೆಯುವುದರೊಳಗೆ ಪರಮವೀರ ಚಕ್ರ ಘೋಷಣೆಯಾಯಿತು. 1966ರ ಜನವರಿ 26ಕ್ಕೆ ಅವರ ಹೆಂಡತಿ ರಸೂಲನ್ ಬೀಬಿ ದಿಲ್ಲಿಯಲ್ಲಿ ರಾಷ್ಟ್ರಪತಿ ರಾಧಾಕೃಷ್ಣನ್ ಅವರ ಕೈಯಿಂದ ಪದಕ ಪಡೆದರು.

ಇಬ್ಬರೂ ಶೂರರೇ. ಹಾಗಾದರೆ ಇಷ್ಟು ಅಂತರ ಏಕೆ? ಹಮೀದರ ಶೌರ್ಯವನ್ನು ಸಂಗಡಿಗರು ಕಂಡಿದ್ದರು. ದೇವಯ್ಯನವರದನ್ನು ಕಂಡದ್ದು ಶತ್ರು ಮಾತ್ರ. ಪದಕಕ್ಕೆ ಶೌರ್ಯ ಒಂದೇ ಸಾಲದು, ಅದಕ್ಕೆ ಸಾಕ್ಷಿಯೂ ಬೇಕು. ಈ ಒಂದು ಮಾತು ತಿಳಿದರೆ ಉಳಿದ ವಾದವೆಲ್ಲ ಅರ್ಥವಾಗುತ್ತದೆ.

ನಮ್ಮಲ್ಲಿ ಪದ್ಧತಿ ಹೀಗಿದೆ. ಘಟನೆ ಕಂಡವರ ಹೇಳಿಕೆ ಪಡೆದು ಆ ದಳದ ಕಮಾಂಡಿಂಗ್ ಆಫೀಸರ್ ಶಿಫಾರಸು ಬರೆಯುತ್ತಾರೆ. ಅದು ಒಂದೊಂದೇ ಮೇಲಿನ ಕಚೇರಿಗೆ ಏರುತ್ತದೆ. ಜೋಳ ಸಾಣಿಗೆ ಹಿಡಿದಂತೆ ಪ್ರತಿಯೊಂದು ಕಡೆ ಜರಡಿ ಹಿಡಿಯುತ್ತಾರೆ. ರಕ್ಷಣಾ ಸಚಿವಾಲಯ ದಾಟಿ ಕೊನೆಗೆ ರಾಷ್ಟ್ರಪತಿಯವರ ಒಪ್ಪಿಗೆ. ಯುದ್ಧದಲ್ಲಿ ಶತ್ರುವಿನ ಎದುರು ತೋರಿದ ಶೌರ್ಯಕ್ಕೆ ಪರಮವೀರ, ಮಹಾವೀರ, ವೀರ ಚಕ್ರ. ಅದರ ಹೊರಗಿನ ಶೌರ್ಯಕ್ಕೆ ಅಶೋಕ, ಕೀರ್ತಿ, ಶೌರ್ಯ ಚಕ್ರ. ಪರಮವೀರ ಚಕ್ರ ಇದುವರೆಗೆ ಬಂದದ್ದು 21 ಜನರಿಗೆ ಮಾತ್ರ. ಅವರಲ್ಲಿ 14 ಜನರಿಗೆ ಸತ್ತ ಮೇಲೆ. ಬದುಕಿದ್ದೇ ಅದನ್ನು ಪಡೆದವರಲ್ಲಿ ಮೊದಲಿಗರು ನಮ್ಮ ಕಾರವಾರ ಕಡೆಯ ರಾಮ ರಾಘೋಬಾ ರಾಣೆ.

ಒಂದು ಸಂಗತಿ ಓದಿ ನನಗೆ ಬಹಳ ಹೆಮ್ಮೆ ಎನಿಸಿತು. ಆ ಪರಮವೀರ ಚಕ್ರದ ವಿನ್ಯಾಸ ಮಾಡಿದ್ದು ಒಬ್ಬ ಹೆಣ್ಣುಮಗಳು. ಯುರೋಪಿನಲ್ಲಿ ಹುಟ್ಟಿ, ಮರಾಠಿ ಸೇನಾಧಿಕಾರಿಯನ್ನು ಲಗ್ನವಾಗಿ ನಮ್ಮವರೇ ಆಗಿಬಿಟ್ಟ ಸಾವಿತ್ರಿಬಾಯಿ ಖಾನೋಲಕರ. ದಧೀಚಿ ಮುನಿ ತನ್ನ ಎಲುಬನ್ನೇ ಕೊಟ್ಟು ಮಾಡಿಸಿದ ಇಂದ್ರನ ವಜ್ರಾಯುಧವನ್ನು ಅವರು ಆ ಕಂಚಿನ ಬಿಲ್ಲೆಯ ಮೇಲೆ ಇಟ್ಟರು. ಮೊದಲ ಪರಮವೀರ ಚಕ್ರ ಸಂದದ್ದು 1947ರ ನವೆಂಬರ್ 3ರಂದು ಕಾಶ್ಮೀರದಲ್ಲಿ ಮಡಿದ ಮೇಜರ್ ಸೋಮನಾಥ ಶರ್ಮಾ ಅವರಿಗೆ. ಅವರು ಸಾವಿತ್ರಿಬಾಯಿಯವರ ಮಗಳ ಭಾವ. ತಾವು ಬರೆದ ಪದಕ ಬೀಗರ ಮನೆಗೇ ಮೊದಲು ಬರುತ್ತದೆಂದು ಆ ತಾಯಿ ನೆನೆಸಿದ್ದರೋ ಇಲ್ಲವೋ!

ಕೊಡಬೇಕೋ, ಬೇಡವೋ?

ಈಗ ವಾದಕ್ಕೆ ಬರೋಣ. ಬಹಳ ವರ್ಷಗಳ ಹಿಂದಿನ ಶೌರ್ಯಕ್ಕೆ ಈಗ ಪದಕ ಕೊಡಬೇಕೇ?

ಬೇಡ ಅನ್ನುವವರ ಮಾತು ಸುಮ್ಮನೆ ತಳ್ಳಿಹಾಕುವಂಥದಲ್ಲ. ಆಗಿನ ಅಧಿಕಾರಿಗಳು ರಣಾಂಗಣದಲ್ಲಿ ನಿಂತು ತೂಗಿ ನೋಡಿದ್ದನ್ನು ಈಗ ನಾವು ಕುರ್ಚಿಯಲ್ಲಿ ಕೂತು ತಿದ್ದುವುದು ಸರಿಯೇ? ಕಂಡವರು ಇಲ್ಲ, ಕಾಗದ ಇಲ್ಲ. ಒಬ್ಬರಿಗೆ ಕೊಟ್ಟರೆ ನೂರು ಮನೆಯವರು ಬಂದು ಕೇಳುತ್ತಾರೆ. ಯಾರ ಪರ ಕೂಗುವವರು ಹೆಚ್ಚೋ ಅವರಿಗೆ ಸಿಕ್ಕು, ಯಾರೂ ಇಲ್ಲದ ಬಡವನ ಮಗ ಹಿಂದೆ ಉಳಿಯುತ್ತಾನೆ. ಆಗ ಪದಕದ ಬೆಲೆ ಏನು ಉಳಿಯಿತು?

ಕೊಡಬೇಕು ಅನ್ನುವವರು ಹೇಳುವುದು ಇದು: ಹೊಸ ಸಾಕ್ಷಿ ಸಿಕ್ಕರೆ ಹಳೆಯ ತಪ್ಪು ತಿದ್ದಲೇಬೇಕು. ತಡವಾಯಿತೆಂದು ಸಾಲ ತೀರಿಸದೆ ಬಿಡುತ್ತೇವೆಯೇ? ನೋಡಹೋದರೆ ನಮ್ಮ ಪರಮವೀರ ಚಕ್ರವನ್ನು ಸ್ಥಾಪಿಸಿದ್ದೇ 1950ರ ಜನವರಿ 26ರಂದು, ಆದರೆ 1947ರ ಆಗಸ್ಟ್ 15ರಿಂದಲೇ ಲೆಕ್ಕಕ್ಕೆ ಹಿಡಿದರು. ಹಾಗೆ ಹಿಂದಕ್ಕೆ ನೋಡದಿದ್ದರೆ ಸೋಮನಾಥ ಶರ್ಮಾ ಅವರಿಗೂ ಸಿಗುತ್ತಿರಲಿಲ್ಲ.

ಇಂಥದೇ ಜಗಳ ದೂರದ ಆಸ್ಟ್ರೇಲಿಯಾದಲ್ಲೂ ಆಯಿತು. ಟೆಡ್ಡಿ ಶೀಯನ್ ಎಂಬ 18 ವರ್ಷದ ನಾವಿಕ. 1942ರ ಡಿಸೆಂಬರ್ 1ರಂದು ಜಪಾನಿ ವಿಮಾನಗಳ ಹೊಡೆತಕ್ಕೆ ಅವನ ಹಡಗು ಮುಳುಗುತ್ತಿತ್ತು. ಎಲ್ಲರೂ ಹಡಗು ಬಿಡಿ ಎಂದು ಅಪ್ಪಣೆಯಾಗಿತ್ತು. ನೀರಿಗೆ ಬಿದ್ದ ಸಂಗಡಿಗರ ಮೇಲೆ ವಿಮಾನಗಳು ಗುಂಡು ಸುರಿಸುವುದನ್ನು ಕಂಡು ಆ ಹುಡುಗ ತನ್ನನ್ನು ತೋಪಿಗೆ ಬಿಗಿದುಕೊಂಡು ಹೊಡೆಯುತ್ತಲೇ ಹಡಗಿನ ಸಂಗಡ ಮುಳುಗಿದ. ಅವನಿಗೆ ಅಲ್ಲಿನ ಅತಿ ದೊಡ್ಡ ಪದಕವಾದ ವಿಕ್ಟೋರಿಯಾ ಕ್ರಾಸ್ ಬರಲಿಲ್ಲ. ಮನೆಯವರು ವರ್ಷಗಟ್ಟಲೆ ಕೇಳಿದರು. 2013ರಲ್ಲಿ ಒಂದು ವಿಚಾರಣೆ ಬೇಡ ಅಂದಿತು. 2019ರಲ್ಲಿ ಇನ್ನೊಂದು ಮಂಡಳಿ ಕೊಡಬೇಕು ಅಂದಿತು. 2020ರ ಮೇ ತಿಂಗಳಲ್ಲಿ ಸರ್ಕಾರ, ಹೊಸ ಸಾಕ್ಷಿ ಇಲ್ಲ ಎಂದು ತಳ್ಳಿಹಾಕಿತು. ಅವನ ತಾಸ್ಮೇನಿಯಾ ಪ್ರಾಂತದ ರಾಜಕಾರಣಿಗಳು ಪಕ್ಷಭೇದ ಇಲ್ಲದೆ ಗದ್ದಲ ಎಬ್ಬಿಸಿದರು. ಪ್ರಧಾನಿ ಮತ್ತೊಂದು ಸಮಿತಿ ಮಾಡಿದರು. ಅದೇ ಆಗಸ್ಟಿನಲ್ಲಿ ರಾಣಿಯ ಒಪ್ಪಿಗೆ ಬಂತು. 78 ವರ್ಷದ ಮೇಲೆ!

ಇಲ್ಲಿ ರಾಜಕೀಯ ಒಳ್ಳೆಯದು ಮಾಡಿತೋ ಕೆಟ್ಟದ್ದು ಮಾಡಿತೋ? ಅವರು ಕೂಗದಿದ್ದರೆ ಆ ಹುಡುಗನಿಗೆ ನ್ಯಾಯ ಸಿಗುತ್ತಿರಲಿಲ್ಲ ಅನ್ನುವವರೂ ಇದ್ದಾರೆ. ಕೂಗಿದರೆ ಸಿಗುತ್ತದೆ ಅನ್ನುವ ದಾರಿ ಬಿತ್ತಲ್ಲ ಅನ್ನುವವರೂ ಇದ್ದಾರೆ. ನನಗನಿಸುವುದು ಇಷ್ಟು. ಮುಚ್ಚಿದ ಕಡತ ತೆರೆಯಿರಿ ಎಂದು ಕೇಳುವುದು ರಾಜಕಾರಣಿಯ ಕೆಲಸ, ಅದಕ್ಕೇ ನಾವು ಓಟು ಹಾಕುವುದು. ಆದರೆ ತಕ್ಕಡಿ ಹಿಡಿಯುವವರು ಬೇರೆ ಇರಬೇಕು. ದೇವಯ್ಯನವರ ಪದಕದಲ್ಲಿ ನನಗೆ ಹಿಡಿಸಿದ್ದು ಅದೇ. ಅದು ಬಂದದ್ದು ಭಾಷಣದಿಂದಲ್ಲ, ಸಾಕ್ಷಿಯಿಂದ. ಅದೂ ಎದುರಾಳಿಯ ಕಡೆಯ ಸಾಕ್ಷಿಯಿಂದ.

ಪದಕ ಮನೆಗೆ ಬಂದ ಮೇಲೆ

ಪದಕ ಬಂದರೆ ಎಲ್ಲ ಮುಗಿಯಿತು ಎಂದೂ ತಿಳಿಯಬೇಡಿ. ಸಿಯಾಚಿನ್‌ನಲ್ಲಿ 2023ರ ಜುಲೈನಲ್ಲಿ ಬೆಂಕಿಯಿಂದ ಸಂಗಡಿಗರನ್ನು ಉಳಿಸಲು ಹೋಗಿ ಮಡಿದ ಸೇನಾ ವೈದ್ಯ ಕ್ಯಾಪ್ಟನ್ ಅಂಶುಮಾನ್ ಸಿಂಗ್ ಅವರ ಕೀರ್ತಿ ಚಕ್ರವನ್ನು 2024ರ ಜುಲೈನಲ್ಲಿ ಪತ್ನಿ ಮತ್ತು ತಾಯಿ ಇಬ್ಬರೂ ಕೂಡಿ ನಿಂತು ಪಡೆದರು. ಕೆಲವೇ ದಿನಗಳಲ್ಲಿ ಪದಕ ಯಾರ ಹತ್ತಿರ ಇರಬೇಕು, ಹತ್ತಿರದ ವಾರಸುದಾರ ಎಂದರೆ ಹೆಂಡತಿ ಮಾತ್ರವೇ, ತಂದೆತಾಯಿಗೆ ಏನೂ ಇಲ್ಲವೇ ಎಂಬ ಮಾತು ಟೀವಿಗೆ ಬಂತು. ರಾಜಕೀಯ ನಾಯಕರವರೆಗೂ ಹೋಯಿತು. ಊರೆಲ್ಲ ಪಂಚಾಯಿತಿ ಮಾಡಿತು. ಗಂಡನನ್ನು ಕಳೆದುಕೊಂಡ ಆ ಚಿಕ್ಕ ಹುಡುಗಿಯ ಬಗ್ಗೆ ಮೊಬೈಲಿನಲ್ಲಿ ಜನ ಬರೆದದ್ದನ್ನು ಬಾಯಲ್ಲಿ ಹೇಳಲಾರೆ.

ಹೆತ್ತವಳ ಸಂಕಟವೂ ನಿಜ, ಕಟ್ಟಿಕೊಂಡವಳ ಸಂಕಟವೂ ನಿಜ. ಒಂದು ಬಿಲ್ಲೆಯನ್ನು ಎರಡು ಹೋಳು ಮಾಡಲು ಬರುವುದಿಲ್ಲ. ನಿಯಮ ಬದಲಾಗಬೇಕಾದರೆ ಸರ್ಕಾರ ಮಾಡಲಿ, ಅದು ಬೇರೆ ಮಾತು. ನಾವು ಕಟ್ಟೆ ಮೇಲೆ ಕೂತು ಒಬ್ಬಳನ್ನು ಒಳ್ಳೆಯವಳು, ಇನ್ನೊಬ್ಬಳನ್ನು ಕೆಟ್ಟವಳು ಮಾಡುವುದು ಬೇಡ.

ಬೆಂಗಳೂರಿನ ಕರ್ನಲ್ ವಸಂತ ವೇಣುಗೋಪಾಲ್ ಅವರು 2007ರ ಜುಲೈ 31ರಂದು ಕಾಶ್ಮೀರದ ಉರಿಯಲ್ಲಿ ಉಗ್ರರ ಜೊತೆ ಹೋರಾಡಿ ಮಡಿದರು. ಮರಣೋತ್ತರ ಅಶೋಕ ಚಕ್ರ ಬಂತು. ಪತ್ನಿ ಸುಭಾಷಿಣಿ ವಸಂತ ಅವರು ಪದಕವನ್ನು ಗೋಡೆಗೆ ಹಾಕಿ ಕೂಡಲಿಲ್ಲ. ವಸಂತರತ್ನ ಪ್ರತಿಷ್ಠಾನ ಕಟ್ಟಿ, ತಮ್ಮಂತೆ ಗಂಡನನ್ನು ಕಳೆದುಕೊಂಡ ಸೈನಿಕರ ಹೆಂಡಂದಿರಿಗೆ, ಮಕ್ಕಳಿಗೆ ಆಸರೆಯಾಗಿ ನಿಂತರು. ಪದಕಕ್ಕೆ ಇದಕ್ಕಿಂತ ಒಳ್ಳೆಯ ಹೊಳಪು ಯಾವುದು?

ಸೈನಿಕರ ಮನೆಯ ಸೋದರಿಯರಿಗೆ ಎರಡು ಮಾತು. ಮನೆಯವರು ಬರೆದ ಕಾಗದ, ಸೈನ್ಯದಿಂದ ಬಂದ ಪತ್ರ, ಫೋಟೋ ಯಾವುದನ್ನೂ ರದ್ದಿಗೆ ಹಾಕಬೇಡಿ. ಟ್ರಂಕಿನಲ್ಲಿ ಬೇವಿನ ಎಲೆ ಇಟ್ಟು ಜೋಪಾನ ಮಾಡಿರಿ. ಮುಂದೆ ಎಂದೋ ಒಂದು ದಿನ ಅದೇ ಸಾಕ್ಷಿಯಾದೀತು. ವಾರಸುದಾರರ ಹೆಸರು ದಾಖಲೆಯಲ್ಲಿ ಹೇಗಿದೆ ಎಂದು ರಜೆಗೆ ಬಂದಾಗಲೇ ಕೇಳಿ ತಿಳಿದುಕೊಳ್ಳಿ, ಅಪಶಕುನ ಎಂದು ಹಿಂಜರಿಯಬೇಡಿ. ಅತ್ತೆ ಸೊಸೆ ಇಬ್ಬರೂ ಕೂಡಿ ಕೇಳಿದರೆ ಇನ್ನೂ ಒಳ್ಳೆಯದು. ಪಿಂಚಣಿ ಮತ್ತಿತರ ತೊಂದರೆ ಇದ್ದರೆ ಮಧ್ಯವರ್ತಿಗಳ ಹಿಂದೆ ತಿರುಗದೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ನೇರವಾಗಿ ಹೋಗಿರಿ.

ಕಾಕಿಗೆ ಹೇಳಿದ ಮಾತು

ಇಷ್ಟೆಲ್ಲ ಓದಿದ ಮೇಲೆ ನನಗೆ ಒಂದು ಧರ್ಮಸಂಕಟ ಬಂತು. ಕಾಕಿಯ ಮಗ ಕರ್ತವ್ಯದ ಮೇಲೆಯೇ ತೀರಿಕೊಂಡ. ಆದರೆ ಶೌರ್ಯ ಪದಕ ಸಾವಿಗೆ ಕೊಡುವುದಲ್ಲ, ಶೌರ್ಯದ ಒಂದು ಕೃತ್ಯಕ್ಕೆ ಕೊಡುವುದು. ಗಾಡಿ ಉರುಳಿ ಹೋದವನ ಹೆಸರು ಆ ಪಟ್ಟಿಯಲ್ಲಿ ಬರಲಿಕ್ಕಿಲ್ಲ. ಅಂದು ಮೈಕು ಹಿಡಿದವರಿಗೂ ಇದು ಗೊತ್ತಿದ್ದಿರಬೇಕು. ವರ್ಷಕ್ಕೆ ಎರಡು ಸಲ ಆ ತಾಯಿ ಬಂದು ಕೂಡುವುದು, ನಾನು ಓದುವುದು. ಹೇಳಲೋ ಬೇಡವೋ? ಯಜಮಾನರನ್ನು ಕೇಳಿದೆ. "ಆಸೆ ಮೇಲೆ ಜೀವ ಹಿಡದಾರ, ಯಾಕ ಮುರೀತಿ?" ಅಂದರು. ನನಗೆ ಮನಸ್ಸು ಒಪ್ಪಲಿಲ್ಲ. ಸುಳ್ಳು ಆಸೆ ಒಬ್ಬರು ಹುಟ್ಟಿಸಿದರು, ಅದನ್ನು ನಾನು ಸಾಕುತ್ತ ಬಂದಂತಾಯಿತಲ್ಲ!

ಹೋದ ಆಗಸ್ಟ್ 15ರಂದು ಪಟ್ಟಿ ಓದಿ ಮುಗಿಸಿ, ಕಾಕಿಯ ಕೈ ಹಿಡಿದು ಎಲ್ಲವನ್ನೂ ಹೇಳಿದೆ. ದೇವಯ್ಯನವರ ಕಥೆಯನ್ನೂ ಹೇಳಿದೆ. ಪದಕ ಬರದ ಎಷ್ಟೋ ಸಾವಿರ ಸೈನಿಕರು ಇದ್ದಾರೆ, ಅವರೇನು ಕಡಿಮೆಯವರಲ್ಲ ಅಂದೆ.

ಕಾಕಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: "ಅಂದ್ರ ನನ್ನ ಮಗ ಸುಮ್ಮನ ಸತ್ತನೇನ್ ಬಾಯಿ?"

"ಇಲ್ರೀ ಕಾಕಿ. ಆ ಥಂಡ್ಯಾಗ, ಆ ದಾರಿ ಮ್ಯಾಲ ಗಾಡಿ ಹೋಗ್ಲಿಲ್ಲಂದ್ರ ಮ್ಯಾಲಿನ ಹುಡುಗರಿಗಿ ರೊಟ್ಟಿ ಇಲ್ಲ, ಗುಂಡಿಲ್ಲ. ನಿಮ್ಮ ಮಗ ಮ್ಯಾಲ ಹೋಗ್ತಿದ್ದ, ಅದಕ್ಕೇ ನಾವಿಲ್ಲಿ ಹಪ್ಪಳ ಒಣಗಿಸ್ತೀವಿ" ಅಂದೆ. ನನ್ನ ಗಂಟಲೂ ಕಟ್ಟಿತ್ತು.

ಕಾಕಿ ಸೆರಗಿನಿಂದ ಮುಖ ಒರೆಸಿಕೊಂಡರು. ಅಂದು ಮೊದಲ ಸಲ ಚಹಾ ಕುಡಿದು ಹೋದರು.

ಈ ಜನವರಿ 26ಕ್ಕೆ ಬರಲಿಕ್ಕಿಲ್ಲ ಎಂದುಕೊಂಡಿದ್ದೆ. ನೋಡಿದರೆ ಎಂದಿನಂತೆ ಪಡಸಾಲೆಯಲ್ಲಿ ಕೂತಿದ್ದಾರೆ. ನಾನು ನಿಂತುಬಿಟ್ಟೆ. ಅವರೇ ಅಂದರು: "ಓದು ಬಾಯಿ. ಅವರೂ ಯಾರದೋ ಮಕ್ಕಳೇ ಅಲ್ಲೇನು? ಅವರ ಹೆಸರರೆ ಕೇಳ್ತೀನಿ."

ಓದಿದೆ.